ಆಳು ಬದಲಾದರೆ ತಾಳ ಏನಾಗುತ್ತದೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿದಾಗ "ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪಾ" ಅಂದರು. ದಾವಣಗೆರೆಯಲ್ಲಿ ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಮತ್ತೇನು ಹೇಳಿಯಾನು ಎಂದು ಅವರ ಲೆಕ್ಕ. ಆದರೆ ಈ ಮಕ್ಕಳಿಗೆ ಕಂಪ್ಯೂಟರ್ ವಿಷಯವನ್ನು ನನಗಿಂತ ಚೆನ್ನಾಗಿ ಅವರ ಮನೆಯ ಮೊಬೈಲೇ ಹೇಳುತ್ತಿದೆ. ಅದಕ್ಕೆ ಸಮಿತಿಯವರ ಅಪ್ಪಣೆ ಪಡೆದು ವಿಷಯ ಬದಲಿಸಿಕೊಂಡೆ. ಹಳೆಯದೊಂದು ಸಂಗೀತ ತಂಡದಲ್ಲಿ ಆಳು ಬದಲಾದರೆ ಆ ಸಂಗೀತಕ್ಕೆ ಏನಾಗುತ್ತದೆ? ಇದೇ ನನ್ನ ವಿಷಯ. ಐವತ್ತು ತುಂಬಿದ ಶಾಲೆಯ ಹಬ್ಬದಲ್ಲಿ ಇದೇನು ಪುರಾಣ ಎಂದು ಬೇಸರ ಮಾಡಿಕೊಳ್ಳಬೇಡಿ. ಮಾತು ಸುತ್ತಿಕೊಂಡು ನಮ್ಮೂರಿಗೇ ಬರುತ್ತದೆ.

ನಾನು ಹೇಳಹೊರಟಿರುವುದು ರಾಕ್ ಸಂಗೀತದ ತಂಡಗಳ ಬಗ್ಗೆ. ಹಿರಿಯರು ಗಾಬರಿಯಾಗಬೇಕಿಲ್ಲ. ನಮ್ಮ ಬಯಲಾಟದ ಹಿಮ್ಮೇಳ ಹೇಗೋ ಅದೂ ಹಾಗೇ. ಭಾಗವತರ ಜಾಗದಲ್ಲಿ ಒಬ್ಬ ಹಾಡುಗಾರ, ಮದ್ದಲೆಯ ಜಾಗದಲ್ಲಿ ಡ್ರಮ್ಸ್, ಮುಖವೀಣೆಯ ಜಾಗದಲ್ಲಿ ಗಿಟಾರ್. ಇವುಗಳ ಜೊತೆಗೆ ಬಾಸ್ ಗಿಟಾರ್ ಅಂತ ಒಂದಿರುತ್ತದೆ. ದಪ್ಪ ತಂತಿ, ತಗ್ಗಿನ ಸ್ವರ. ಅದು ಕಿವಿಗಿಂತ ಹೆಚ್ಚಾಗಿ ಎದೆಗೆ ಕೇಳುತ್ತದೆ. ಅದು ಇರುವಾಗ ಯಾರೂ ಗಮನಿಸುವುದಿಲ್ಲ. ನಿಂತರೆ ಮಾತ್ರ ಮನೆಯ ತೊಲೆ ತೆಗೆದ ಹಾಗಾಗುತ್ತದೆ.

ಒಂದು ವ್ಯತ್ಯಾಸವಿದೆ. ಶಾಸ್ತ್ರೀಯ ಸಂಗೀತದ ಕಛೇರಿಯಲ್ಲಿ ಹಾಡುವವರು, ಪಿಟೀಲಿನವರು, ಮೃದಂಗದವರು ಅದೇ ಸಂಜೆ ಮೊದಲ ಸಲ ಮುಖ ನೋಡಿದ್ದರೂ ಕಛೇರಿ ನಡೆದುಹೋಗುತ್ತದೆ. ರಾಗ, ತಾಳ, ಕೃತಿ ಎಂಬ ವ್ಯಾಕರಣ ಮೂವರಿಗೂ ಮೊದಲೇ ಗೊತ್ತಿರುತ್ತದೆ. ರಾಕ್ ತಂಡದ ಕಥೆ ಹಾಗಲ್ಲ. ಅವರು ನುಡಿಸುವ ಹಾಡುಗಳನ್ನು ಹೆಚ್ಚಾಗಿ ಅವರೇ ಒಂದು ಕೋಣೆಯಲ್ಲಿ ಕೂತು ಕಟ್ಟಿರುತ್ತಾರೆ. ಅವರ ವ್ಯಾಕರಣ ಆ ನಾಲ್ಕೈದು ಜನರ ನಡುವೆ ಹುಟ್ಟಿದ್ದು. ಒಬ್ಬ ಎದ್ದು ಹೋದರೆ ಆ ವ್ಯಾಕರಣದ ಒಂದು ಪುಟವೇ ಹೋಗುತ್ತದೆ. ನಮ್ಮ ಬಯಲಾಟದ ಮೇಳ ಇವೆರಡರ ನಡುವೆ ಇದೆ. ಪ್ರಸಂಗದ ಪದ್ಯ ಪುಸ್ತಕದಲ್ಲಿದೆ, ಆದರೆ ಆ ಪದ್ಯವನ್ನು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎನ್ನುವುದು ಆ ಮೇಳದ ಮೈಯಲ್ಲಿದೆ.

ಪ್ರಪಂಚದ ಹಳೆಯ ರಾಕ್ ತಂಡಗಳಲ್ಲಿ ಒಂದು ಇಂಗ್ಲೆಂಡಿನ ಡೀಪ್ ಪರ್ಪಲ್. 1968ರಲ್ಲಿ ಶುರುವಾದದ್ದು. ಈ ತಂಡದಲ್ಲಿ ಎಷ್ಟು ಸಲ ಆಳು ಬದಲಾಗಿದ್ದಾರೆ ಎಂದರೆ, ಅಭಿಮಾನಿಗಳು ಒಂದೊಂದು ಕೂಟಕ್ಕೂ ಮಾರ್ಕ್ 1, ಮಾರ್ಕ್ 2, ಮಾರ್ಕ್ 3 ಅಂತ ನಂಬರು ಕೊಟ್ಟುಬಿಟ್ಟಿದ್ದಾರೆ. ನಾವು ಆಫೀಸಿನಲ್ಲಿ ಸಾಫ್ಟ್‌ವೇರಿಗೆ ವರ್ಷನ್ ನಂಬರು ಕೊಡುತ್ತೇವಲ್ಲ, ಹಾಗೆ.

ಮೊದಲ ಕೂಟ ಬೇರೆಯವರ ಹಾಡನ್ನು ತಮ್ಮ ರೀತಿಯಲ್ಲಿ ನುಡಿಸಿ ಹೆಸರು ಮಾಡಿತು. 1969ರಲ್ಲಿ ಹಾಡುಗಾರ ಮತ್ತು ಬಾಸ್ ವಾದಕ ಬದಲಾದರು. ಇಯಾನ್ ಗಿಲ್ಲನ್, ರೋಜರ್ ಗ್ಲೋವರ್ ಬಂದರು. ಗಿಲ್ಲನ್ ಅವರ ಕಂಠ ಮೇಲಕ್ಕೆ ಹೋದರೆ ಗಿಟಾರಿನ ಜೊತೆ ಸ್ಪರ್ಧೆಗೆ ನಿಲ್ಲುತ್ತಿತ್ತು. ಅದೇ ಗಿಟಾರ್ ವಾದಕ, ಅದೇ ಡ್ರಮ್ಮರ್, ಅದೇ ಆರ್ಗನ್ ನುಡಿಸುವವರು, ಆದರೆ ಸಂಗೀತವೇ ಬೇರೆಯಾಯಿತು. ಗಟ್ಟಿಯಾಯಿತು, ವೇಗವಾಯಿತು. ಲೋಕವೆಲ್ಲ ಅವರನ್ನು ಗುರುತಿಸಿದ್ದು ಆ ಸಂಗೀತದಿಂದ. 1973ರಲ್ಲಿ ಆ ಇಬ್ಬರೂ ಹೋದರು. ಅವರ ಬದಲಿಗೆ ಬಂದವರಲ್ಲಿ ಡೇವಿಡ್ ಕವರ್ಡೇಲ್ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ, ಹೆಸರೇ ಇಲ್ಲದ ಹುಡುಗ. ಗ್ಲೆನ್ ಹ್ಯೂಸ್ ಬಾಸ್ ನುಡಿಸುತ್ತಲೇ ಹಾಡುವವರು. ಒಂದು ಕಂಠದ ಜಾಗಕ್ಕೆ ಎರಡು ಕಂಠ ಬಂದವು. ಅವರು ತಂದ ಬೇರೆ ಬಣ್ಣ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಅವರಿಗೆ ಹಿಡಿಸಲಿಲ್ಲ. ತಂಡ ಕಟ್ಟಿದವರೇ 1975ರಲ್ಲಿ ಎದ್ದು ಹೊರಟರು. ಅವರ ಜಾಗಕ್ಕೆ ಟಾಮಿ ಬೋಲಿನ್ ಎಂಬ ಪ್ರತಿಭಾವಂತ ಯುವಕ ಬಂದರು. ಆದರೂ ಮಾರನೆಯ ವರ್ಷವೇ ತಂಡ ಮುರಿಯಿತು. ಅಂದರೆ ಬದಲಿ ಆಳಿನ ಪ್ರತಿಭೆಯೊಂದೇ ಸಾಲದು.

ತಂಡ 1984ರಲ್ಲಿ ಮತ್ತೆ ಕೂಡಿತು. 1993ರಲ್ಲಿ ಬ್ಲ್ಯಾಕ್‌ಮೋರ್ ಮತ್ತೊಮ್ಮೆ ಬಿಟ್ಟರು. 1994ರಲ್ಲಿ ಬಂದ ಅಮೆರಿಕದ ಸ್ಟೀವ್ ಮೋರ್ಸ್ 2022ರವರೆಗೆ ಇದ್ದರು. 28 ವರ್ಷ! ಮೂಲ ಗಿಟಾರ್ ವಾದಕ ಎರಡು ಅವಧಿ ಸೇರಿಸಿದರೂ ಅಷ್ಟು ಕಾಲ ಆ ಜಾಗದಲ್ಲಿ ನಿಂತಿರಲಿಲ್ಲ. ನಾವು ಯಾರನ್ನು ಬದಲಿ ಎನ್ನುತ್ತೇವೋ ಅವರೇ ಕೆಲವು ಸಲ ಮನೆಯ ಹಿರಿಯರಾಗಿಬಿಡುತ್ತಾರೆ. ಸೊಸೆಯಾಗಿ ಬಂದವಳು ಕೊನೆಗೆ ಮನೆಗೇ ಅಜ್ಜಿಯಾಗುವ ಹಾಗೆ.

ಇಷ್ಟೆಲ್ಲ ಬದಲಾವಣೆಯಲ್ಲಿ ಅಲುಗಾಡದೆ ಕೂತವರು ಒಬ್ಬರೇ, ಡ್ರಮ್ಮರ್ ಇಯಾನ್ ಪೇಸ್. ಎಲ್ಲ ಮಾರ್ಕುಗಳಲ್ಲೂ ಇರುವ ಹೆಸರು ಅದೊಂದೇ. ಹಾಡುಗಾರ ಬದಲಾಗಬಹುದು, ಗಿಟಾರ್ ಬದಲಾಗಬಹುದು. ತಾಳ ಹಿಡಿದವರು ಉಳಿದರೆ ತಂಡಕ್ಕೆ ತಾನು ಯಾರೆಂಬುದು ನೆನಪಿರುತ್ತದೆ.

ದೂರದ ಮಾತು ಸಾಕು, ಬೆಂಗಳೂರಿಗೆ ಬರುತ್ತೇನೆ. ಅಲ್ಲಿ 1996ರಿಂದ ನಡೆದುಕೊಂಡು ಬಂದ ಒಂದು ರಾಕ್ ತಂಡವಿದೆ. ಹೆಸರು ಥರ್ಮಲ್ ಅಂಡ್ ಎ ಕ್ವಾರ್ಟರ್. ಶುರುವಿನಲ್ಲಿ ಮೂವರು ಮಲಯಾಳಿಗಳು, ಇನ್ನೊಬ್ಬರು ಕಾಲು ಭಾಗ ಮಲಯಾಳಿ. ಆ 'ಮೂರೂ ಕಾಲು' ಲೆಕ್ಕವನ್ನೇ ತಮಾಷೆಯಾಗಿ ತಿರುಚಿ ಇಟ್ಟ ಹೆಸರು ಇದು. ನಾನು ಕೆಲಸಕ್ಕೆ ಸೇರಿದ ಮೇಲೆ ಅವರನ್ನು ಹಲವು ಸಲ ಕೇಳಿದ್ದೇನೆ. ಹಾಡು ಇಂಗ್ಲಿಷಿನಲ್ಲಿ, ಬದುಕು ಬೆಂಗಳೂರಿನದು.

ಗಿಟಾರ್ ಹಿಡಿದು ಹಾಡುವ ಬ್ರೂಸ್ ಲೀ ಮಣಿ, ಡ್ರಮ್ಸ್ ನುಡಿಸುವ ರಾಜೀವ್ ರಾಜಗೋಪಾಲ್, ಇವರಿಬ್ಬರು ಮೊದಲಿನಿಂದ ಇರುವವರು. ಬಾಸ್ ಜಾಗದಲ್ಲಿ ಆಳು ಬದಲಾಗುತ್ತ ಬಂತು. ಮೊದಲಿನವರು ಬಿಟ್ಟ ಮೇಲೆ ಪ್ರಕಾಶ್ ಕೆ.ಎನ್. ಬಂದರು, ಆಮೇಲೆ ಲೆಸ್ಲಿ ಚಾರ್ಲ್ಸ್ ಬಂದರು. ಎರಡನೆಯ ಗಿಟಾರಿಗೆ ಟೋನಿ ದಾಸ್ ಸೇರಿದರು.

ಬಾಸ್ ಬದಲಾದರೆ ಏನಾಗುತ್ತದೆ ಎಂಬುದನ್ನು ಡ್ರಮ್ಸ್ ನೋಡಿದರೆ ತಿಳಿಯುತ್ತದೆ. ಡ್ರಮ್ಮರ್ ಕಾಲಿನಿಂದ ಒತ್ತುವ ದೊಡ್ಡ ಡ್ರಮ್ಮಿನ ಪೆಟ್ಟು, ಬಾಸಿನ ತಂತಿಯ ಮೀಟು ಎರಡೂ ಒಂದೇ ಕ್ಷಣಕ್ಕೆ ಬೀಳಬೇಕು. ಒಬ್ಬ ವಾದಕ ತಾಳದ ನೆತ್ತಿಯ ಮೇಲೆಯೇ ಮೀಟುತ್ತಾನೆ. ಇನ್ನೊಬ್ಬ ಕೂದಲೆಳೆಯಷ್ಟು ಹಿಂದೆ ಮೀಟುತ್ತಾನೆ. ಇಬ್ಬರದೂ ತಪ್ಪಲ್ಲ. ಆದರೆ ಮೊದಲಿನವರ ಜೊತೆ ಹತ್ತು ವರ್ಷ ನುಡಿಸಿದ ಡ್ರಮ್ಮರ್ ಎರಡನೆಯವರು ಬಂದಾಗ ತನ್ನ ಕಾಲಿಗೆ ಹೊಸದಾಗಿ ಪಾಠ ಹೇಳಬೇಕು. ಬಂದವನು ಮಾತ್ರ ಕಲಿಯುತ್ತಾನೆ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಹೆಚ್ಚು ಕಲಿಯುವವರು ಇದ್ದವರೇ.

2012ರಲ್ಲಿ ಈ ತಂಡ ಮೂರು ಡಿಸ್ಕುಗಳ ದೊಡ್ಡ ಆಲ್ಬಂ ಒಂದನ್ನು ತಂದಿತು. ಅದರ ಹೆಸರಿನಲ್ಲಿ ಆಟೋರಿಕ್ಷಾದ ಮೂರು ಚಕ್ರಗಳಿದ್ದವು. ಆಗ ತಂಡದಲ್ಲಿದ್ದವರೂ ಮೂವರು. ಮೂರೇ ಜನ ಇದ್ದಾಗ ಒಂದೇ ಗಿಟಾರ್ ಮುಂದಿನ ರಾಗವನ್ನೂ ನುಡಿಸಬೇಕು, ಹಿಂದಿನ ಜಾಗವನ್ನೂ ತುಂಬಬೇಕು. ಒಬ್ಬನೇ ನೇಗಿಲು ಹಿಡಿದು ತಾನೇ ಬೀಜ ಬಿಟ್ಟ ಹಾಗೆ. ಎರಡನೆಯ ಗಿಟಾರ್ ಬಂದ ಮೇಲೆ ನಾಲ್ವರ ತಂಡ 2020ರಲ್ಲಿ ಇನ್ನೊಂದು ಆಲ್ಬಂ ಮಾಡಿತು. ಜೊತೆಗೊಬ್ಬರು ಬಂದರೆ ಕೆಲಸ ಸುಲಭವಾಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ಎಲ್ಲ ಜಾಗವನ್ನೂ ತುಂಬಿಯೇ ಅಭ್ಯಾಸವಾದ ಕೈ ಈಗ ಜಾಗ ಬಿಡುವುದನ್ನು ಕಲಿಯಬೇಕು. ಸಂಗೀತದಲ್ಲಿ ಅತ್ಯಂತ ಕಷ್ಟದ ವಿದ್ಯೆ ಅದು. ಮನೆಯಲ್ಲೂ ಅಷ್ಟೇ ಅನ್ನಿ.

ಇನ್ನೊಂದು ಬಗೆಯ ತಂಡವೂ ಇದೆ. ಮೈಸೂರಿನ ರಘು ದೀಕ್ಷಿತ್ ಅವರ ಹೆಸರು ನಿಮಗೆಲ್ಲ ಗೊತ್ತು. ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿ ದೇಶ ವಿದೇಶ ಸುತ್ತಿದವರು. ಮೊದಲು ಅವರ ತಂಡದ ಹೆಸರು ಅಂತರಾಗ್ನಿ. ಅದು ಚೆದುರಿದ ಮೇಲೆ ಕಟ್ಟಿದ್ದಕ್ಕೆ ದಿ ರಘು ದೀಕ್ಷಿತ್ ಪ್ರಾಜೆಕ್ಟ್ ಎಂದು ಹೆಸರಿಟ್ಟರು. ಪ್ರಾಜೆಕ್ಟ್ ಎಂಬ ಮಾತು ನನ್ನಂಥವನಿಗೆ ಬಹಳ ಹತ್ತಿರದ್ದು. ಅಲ್ಲಿ ಜನ ಬರುತ್ತಾರೆ, ಹೋಗುತ್ತಾರೆ, ಕೆಲಸ ನಡೆಯುತ್ತದೆ. ಪಿಟೀಲು, ಕೊಳಲು, ಬಾಸ್, ಡ್ರಮ್ಸ್ ನುಡಿಸುವವರು ವರ್ಷದಿಂದ ವರ್ಷಕ್ಕೆ ಬದಲಾದರೂ ಹಾಡು ಒಬ್ಬರ ಕೊರಳಲ್ಲಿ ಗಟ್ಟಿಯಾಗಿ ನಿಂತಿದೆ. ಅದರಿಂದ ಅನುಕೂಲವಿದೆ. ಒಬ್ಬರು ಬಿಟ್ಟರೆ ತಂಡ ನಿಲ್ಲುವುದಿಲ್ಲ. ಭಾರವೂ ಇದೆ. ಎಲ್ಲವೂ ಆ ಒಬ್ಬರ ಹೆಗಲ ಮೇಲೆಯೇ.

ಇಷ್ಟು ಕೇಳಿದ ಮೇಲೆ ನನಗೆ ತಿಳಿದದ್ದು ಇದು. ಹೊಸಬರು ಹಳಬರ ನಕಲು ಆಗಬೇಕು ಎಂದು ಹಠ ಹಿಡಿದ ತಂಡ ಕ್ರಮೇಣ ತನ್ನ ಹಾಡಿಗೆ ತಾನೇ ಆರ್ಕೆಸ್ಟ್ರಾ ಆಗುತ್ತದೆ. ಹೊಸಬರು ಬಂದರೆಂದು ಹಳೆಯದನ್ನೆಲ್ಲ ಬಿಟ್ಟ ತಂಡಕ್ಕೆ ಹೆಸರು ಮಾತ್ರ ಹಳೆಯದು. ನಡುವಿನ ದಾರಿ ಒಂದಿದೆ. ಅದಕ್ಕೆ ಎರಡು ಬೇಕು. ತಾಳ ಹಿಡಿದ ಒಬ್ಬರು ಉಳಿದಿರಬೇಕು. ಹಳಬರೂ ಹೊಸಬರೂ ಸ್ವಲ್ಪ ಕಾಲ ಪಕ್ಕಪಕ್ಕ ಕೂತಿರಬೇಕು.

ಈ ಪಕ್ಕಪಕ್ಕ ಕೂರುವ ಮಾತನ್ನು ನನಗೆ ಯಾವ ರಾಕ್ ತಂಡವೂ ಕಲಿಸಬೇಕಾಗಿರಲಿಲ್ಲ. ಮೊಳಕಾಲ್ಮುರಿನ ಮಗ್ಗಗಳು ಕಲಿಸಿವೆ. ರೇಷ್ಮೆ ಸೀರೆ ನೇಯುವವರ ಮನೆಯ ಮಕ್ಕಳು ಇಲ್ಲಿದ್ದೀರಿ, ನಿಮಗೆ ಚೆನ್ನಾಗಿ ಗೊತ್ತು. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಹಣಿಗೆಯಲ್ಲಿ ಹಳೆಯ ಎಳೆಗಳ ತುದಿ ಹಾಗೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಹುರಿ ಮಾಡಿ ಸೇರಿಸುತ್ತಾರೆ. ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ, ಕಣ್ಣು ನೋಯುವ ಕೆಲಸ. ಆಮೇಲೆ ಹಳೆಯ ಎಳೆ ಹೊಸದನ್ನು ತಾನೇ ಎಳೆದುಕೊಂಡು ಹಣಿಗೆಯೊಳಗೆ ಕರೆತರುತ್ತದೆ. ಹಳೆಯದನ್ನು ಒಮ್ಮೆ ಪೂರ್ತಿ ಹೊರಗೆ ಎಳೆದುಬಿಟ್ಟರೆ ಮುಗಿಯಿತು, ಎಲ್ಲವನ್ನೂ ಮೊದಲಿನಿಂದ ಪೋಣಿಸಬೇಕು.

ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲೂ ಈ ಕೆಚ್ಚುವ ಕೆಲಸಕ್ಕೆ ಒಂದು ಹೆಸರಿದೆ, ಕೆ.ಟಿ. ಅಂತ. ನಾಲೆಡ್ಜ್ ಟ್ರಾನ್ಸ್‌ಫರ್. ಕೆಲಸ ಬಿಡುವವನು ಬರುವವನಿಗೆ ಎಲ್ಲವನ್ನೂ ಹೇಳಿಕೊಟ್ಟು ಹೋಗಬೇಕು. ಬರೆದಿಡಬಹುದಾದ್ದನ್ನೆಲ್ಲ ಬರೆದಿಡುತ್ತಾರೆ. ಆದರೆ ಯಾವ ಯಂತ್ರ ಯಾವ ಸದ್ದು ಮಾಡಿದಾಗ ಹೆದರಬೇಕು, ಯಾವಾಗ ಸುಮ್ಮನಿರಬೇಕು ಎನ್ನುವುದು ಕಾಗದಕ್ಕೆ ಇಳಿಯುವುದಿಲ್ಲ. ಅದು ಪಕ್ಕದಲ್ಲಿ ಕೂತರೆ ಮಾತ್ರ ಬರುತ್ತದೆ.

ಈಗ ನಮ್ಮೂರಿನ ಮಾತು.

ಹೋದ ವರ್ಷ ನಮ್ಮ ಮೇಳದ ಬಯಲಾಟ ನೋಡಿದವರು ನೆನಪು ಮಾಡಿಕೊಳ್ಳಿ. ಎಷ್ಟೋ ವರ್ಷ ಮದ್ದಲೆ ನುಡಿಸಿದ ಹಿರಿಯರಿಗೆ ಕೈ ನಡುಕ ಬಂದು, ಅವರ ಜಾಗದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ ಕೂತಿದ್ದ. ರಾತ್ರಿ ಹತ್ತು ಗಂಟೆಗೆ ನೋಡಿದರೆ ಎಲ್ಲ ಅಯೋಮಯ. ಭಾಗವತರ ಪದ್ಯ ಒಂದು ಕಡೆ, ಮದ್ದಲೆ ಇನ್ನೊಂದು ಕಡೆ, ವೇಷದವರ ಹೆಜ್ಜೆ ಇವೆರಡರ ನಡುವೆ. ನನ್ನ ಪಕ್ಕದಲ್ಲಿದ್ದವರು "ಮೇಳ ಮುಗೀತು ಬಿಡು" ಅಂದರು. ನಡುರಾತ್ರಿ ಕಳೆದ ಮೇಲೆ ನಾನು ಗಮನಿಸಿದೆ. ಭಾಗವತರು ತಾಳ ಹಿಡಿದ ಕೈಯನ್ನು ಹುಡುಗನ ಕಣ್ಣಿಗೆ ಕಾಣುವಂತೆ ಎತ್ತಿ ಹಿಡಿಯತೊಡಗಿದ್ದರು. ಹುಡುಗ ಕೈ ನೋಡುತ್ತ ನುಡಿಸುತ್ತಿದ್ದ. ಬೆಳ್ಳಿ ಮೂಡುವ ಹೊತ್ತಿಗೆ ಯುದ್ಧದ ಸನ್ನಿವೇಶ ಬಂತು. ಭಾಗವತರು ಇದ್ದಕ್ಕಿದ್ದಂತೆ ಒಂದು ಪದ್ಯವನ್ನು ದುಪ್ಪಟ್ಟು ವೇಗದಲ್ಲಿ ಎತ್ತಿದರು. ಹುಡುಗ ಬಿಡಲಿಲ್ಲ. ಎದುರು ಕೂತ ಹಿರಿಯರೆಲ್ಲ ನೆಟ್ಟಗೆ ಕೂತರು.

ಬೆಳಿಗ್ಗೆ ಟೀ ಅಂಗಡಿಯಲ್ಲಿ ಭಾಗವತರನ್ನು ಕೇಳಿದೆ. ಅವರು ಹೇಳಿದರು, "ಆ ಪದ್ಯ ಮೊದಲು ಅದೇ ವೇಗದಲ್ಲಿತ್ತಪ್ಪ. ಆತನ ಕೈ ಸೋಲ್ತಾ ಬಂತು, ನಾನೂ ಇಳಿಸ್ತಾ ಬಂದೆ. ಇಳಿಸಿದ್ದು ನನಗೇ ಗೊತ್ತಾಗಿರಲಿಲ್ಲ."

ಸ್ನೇಹಿತರ ಕೈ ಸೋತಾಗ ತಾನೂ ನಿಧಾನವಾಗುವುದು ದೊಡ್ಡ ಗುಣ. ಅದು ಸಂಗೀತಕ್ಕಿಂತ ದೊಡ್ಡದು. ಹೊಸ ಹುಡುಗ ಬಂದದ್ದರಿಂದ ಹಳೆಯ ಪದ್ಯಕ್ಕೆ ಅದರ ಕಾಲು ಮತ್ತೆ ಬಂತು ಎನ್ನುವುದೂ ಅಷ್ಟೇ ನಿಜ. ಆ ಹುಡುಗ ಎರಡು ವರ್ಷ ಹಿರಿಯರ ಜಗಲಿಯ ಮೇಲೆ ಕೂತು ಮದ್ದಲೆ ಕಲಿತಿದ್ದ, ಅದನ್ನು ಮರೆಯಬಾರದು. ಹಾಸು ಪೂರ್ತಿ ತೆಗೆಯುವ ಮುನ್ನ ಕೆಚ್ಚಿದ್ದರು.

ಮುಖವೀಣೆಯ ಕಥೆ ಹಾಗಿಲ್ಲ. ನಮ್ಮ ಮೇಳದ ಮುಖವೀಣೆಯವರಿಗೆ ಎಪ್ಪತ್ತು ದಾಟಿದೆ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಲ್ಲಿ ಉಸಿರೆಳೆದುಕೊಳ್ಳುತ್ತ, ನಾದ ತುಂಡಾಗದಂತೆ ರಾತ್ರಿಯಿಡೀ ಊದುತ್ತಾರೆ. ಪೀಪಿಯನ್ನು ನೆನೆಸುವುದು, ಕೆರೆಯುವುದು, ತುಟಿಗೆ ಹೊಂದಿಸುವುದು ಎಲ್ಲ ಅವರ ಕೈಯಲ್ಲೇ. ಅವರ ಪಕ್ಕದಲ್ಲಿ ಕೂತು ಕಲಿಯುವವರು ಇವತ್ತು ಒಬ್ಬರೂ ಇಲ್ಲ. ಅವರು ನಿಂತ ದಿನ ಬಾಡಿಗೆಗೆ ಒಂದು ಕೀಬೋರ್ಡ್ ಬರುತ್ತದೆ. ಕೀಬೋರ್ಡನ್ನು ನಾನು ಹೀಗಳೆಯುವುದಿಲ್ಲ, ನನ್ನ ಹೊಟ್ಟೆಪಾಡೇ ಕೀಬೋರ್ಡು. ಆದರೆ ಅದರಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಸ್ವರ ನೆಗೆಯುತ್ತದೆ. ಮುಖವೀಣೆಯಲ್ಲಿ ಸ್ವರ ನಡೆದುಕೊಂಡು ಹೋಗುತ್ತದೆ. ಆ ನಡಿಗೆ ಕೇಳಿಯೇ ನಮ್ಮ ಭಾಗವತರು ಪದ್ಯ ಎಳೆಯುವುದು. ಅದು ಹೋದರೆ ಅವರ ಪದ್ಯವೂ ಮೊಟಕಾಗುತ್ತದೆ, ವೇಷದವರ ಹೆಜ್ಜೆಯೂ ಮೊಟಕಾಗುತ್ತದೆ. ಒಬ್ಬರು ಹೋದರೆ ಒಬ್ಬರಷ್ಟೇ ಹೋಗುವುದಿಲ್ಲ.

ಈ ಸೀಮೆಗೆ ಇದು ಹೊಸ ಪಾಠವೂ ಅಲ್ಲ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಬಾರದೆ ಸಾವಿರಾರು ಪದಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರಂಥವರು ಅವರ ಮುಂದೆ ಕೂತು ಕೇಳಿ ಬರೆದುಕೊಂಡಿದ್ದರಿಂದ ಆ ಪದಗಳು ಪುಸ್ತಕವಾಗಿ ಉಳಿದವು. ಪದ ಉಳಿಯಿತು. ಆದರೆ ಒಬ್ಬರು ಎತ್ತಿಕೊಟ್ಟು ಉಳಿದವರು ಹಿಡಿಯುವ ಆ ಧಾಟಿ ಪುಸ್ತಕದಲ್ಲಿ ಕೂರುವುದಿಲ್ಲ. ಅದಕ್ಕೆ ಇನ್ನೊಂದು ಕೊರಳೇ ಬೇಕು.

ಈಗ ಶಾಲೆಯ ಮಾತು. ಈ ಐವತ್ತು ವರ್ಷಗಳಲ್ಲಿ ಈ ತಂಡದ ಆಳುಗಳೆಲ್ಲ ಬದಲಾಗಿದ್ದಾರೆ. ಮೊದಲ ವರ್ಷದ ಮೇಷ್ಟರೊಬ್ಬರೂ ಇಂದು ತರಗತಿಯಲ್ಲಿಲ್ಲ. ಮಕ್ಕಳಂತೂ ಮೂರು ವರ್ಷಕ್ಕೊಮ್ಮೆ ಪೂರ್ತಿ ಹೊಸಬರು. ಆದರೂ ಇದು ಅದೇ ಶಾಲೆ. ಹೇಗೆ? ಮೇಷ್ಟರಿಗೆ ವರ್ಗಾವಣೆಯಾದಾಗ ಚಾರ್ಜ್ ಕೊಡುತ್ತಾರೆ. ಬೀಗದ ಕೈ, ದಾಖಲೆ ಪುಸ್ತಕ, ಪ್ರಯೋಗಶಾಲೆಯ ಸಾಮಾನಿನ ಪಟ್ಟಿ. ಪಟ್ಟಿಯಲ್ಲಿ ಬರೆಯಲಾಗದ್ದು ಬೇರೆಯೇ ಇದೆ. ಯಾವ ಮಗು ಬೋರ್ಡ್ ಕಾಣದೆ ಪಕ್ಕದವಳ ಪುಸ್ತಕ ನೋಡಿ ಬರೆಯುತ್ತದೆ, ಯಾವ ಹುಡುಗ ಶೇಂಗಾ ಕೀಳುವ ಕಾಲಕ್ಕೆ ಕಾಣೆಯಾಗುತ್ತಾನೆ, ರಾತ್ರಿ ಮಗ್ಗದ ಕೆಲಸಕ್ಕೆ ಕೂತು ಬೆಳಿಗ್ಗೆ ತೂಕಡಿಸುವವಳು ಯಾರು. ನಮ್ಮ ಕಾಲದ ಮೇಷ್ಟರು ಹೊಸದಾಗಿ ಬಂದವರನ್ನು ಸಂಜೆ ಕರೆದುಕೊಂಡು ಮನೆ ಮನೆ ಸುತ್ತಿಸುತ್ತಿದ್ದರು. ನಮಗಾಗ ಅದು ಹೆದರಿಕೆಯ ವಿಷಯ. ಇವತ್ತು ಅರ್ಥವಾಗುತ್ತದೆ, ಅವರು ಎಳೆಗೆ ಎಳೆ ಕೆಚ್ಚುತ್ತಿದ್ದರು. ಈ ಶಾಲೆಯ ತಾಳ ಹಿಡಿದವರು ಯಾರು ಎಂದು ಕೇಳಿದರೆ ನಾನು ಊರನ್ನೇ ತೋರಿಸುತ್ತೇನೆ. ಮೇಷ್ಟರು ಬಂದು ಹೋಗುತ್ತಾರೆ, ಮಕ್ಕಳು ಬೆಳೆದು ಹೋಗುತ್ತಾರೆ. ಕೂತಿರುವವರು ನೀವು.

ಅದಕ್ಕೆ ನನ್ನದು ಒಂದೇ ಕೋರಿಕೆ. ನಮ್ಮ ಬ್ಯಾಚಿನ ಕೆಲವರು ಮಾತಾಡಿಕೊಂಡಿದ್ದೇವೆ. ಈ ಜೂನ್‌ನಿಂದ ಎಂಟನೆಯ ತರಗತಿಯ ಇಬ್ಬರು ಮೂವರು ಮಕ್ಕಳು ಪ್ರತಿ ಭಾನುವಾರ ಮುಖವೀಣೆಯ ಹಿರಿಯರ ಪಕ್ಕದಲ್ಲಿ ಕೂರಲಿ. ಹುಡುಗಿಯರೂ ಕೂರಲಿ. ಹಿರಿಯರಿಗೆ ಗೌರವಧನ, ಮಕ್ಕಳಿಗೆ ವಾದ್ಯ, ಪೀಪಿಯ ಖರ್ಚು ನಮ್ಮದು. ಮಕ್ಕಳನ್ನು ಆರಿಸುವುದು ಶಿಕ್ಷಕರ ಕೆಲಸ. ಭಾನುವಾರ ಮಗುವನ್ನು ಹೊಲಕ್ಕೆ ಕರೆಯದೆ ಎರಡು ಗಂಟೆ ಬಿಟ್ಟುಕೊಡುವುದು ತಂದೆತಾಯಿಯರ ಕೆಲಸ. ಅದು ನಮ್ಮ ದುಡ್ಡಿಗಿಂತ ದೊಡ್ಡ ದೇಣಿಗೆ ಎಂದು ನನಗೆ ಗೊತ್ತು. ಮೊನ್ನೆ ಹಿರಿಯರ ಮನೆಗೆ ಹೋಗಿ ಕೇಳಿದೆ. "ಮಕ್ಕಳ ಹಲ್ಲು ಗಟ್ಟಿ ಇದ್ರೆ ಕಳಿಸ್ರಪ್ಪ, ನನ್ನವು ಇನ್ನೆಷ್ಟು ದಿನ ಇರ್ತಾವೋ" ಅಂದರು.

ಮಕ್ಕಳು ಅವರಂತೆಯೇ ಊದಬೇಕೆಂದು ನಾವು ಹಠ ಹಿಡಿಯುವುದು ಬೇಡ. ಅವರಲ್ಲೊಬ್ಬಳು ನಾಳೆ ಮುಖವೀಣೆಯನ್ನು ಗಿಟಾರಿನ ಜೊತೆ ಇಟ್ಟು ನುಡಿಸಿದರೂ ನುಡಿಸಲಿ. ಅವಳ ಉಸಿರಿನೊಳಗೆ ಈ ಹಿರಿಯರ ಉಸಿರು ಒಂದು ಎಳೆಯಷ್ಟು ಸೇರಿದ್ದರೆ ಸಾಕು.

ಕೂರಲು ಮನಸ್ಸಿರುವ ಮಕ್ಕಳು ಊಟ ಮುಗಿಸಿ ಹೆಸರು ಬರೆಸಿ.